ಇಂಚಿನ ಬೋಲ್ಟು

ಆರು ಸಿಗಬೇಕಾದಲ್ಲಿ ನಾಲ್ಕೇ ಸಿಕ್ಕವು.

ಶಬ್ಬೀರ ತಟ್ಟೆಯನ್ನು ಇನ್ನೊಮ್ಮೆ ಕೆದಕಿದ. ಮದುವೆಮನೆಯಲ್ಲಿ ಅನ್ನ ಸುರಿಯುವಂಥ ದೊಡ್ಡ ಸ್ಟೀಲ್ ತಟ್ಟೆ. ಅದರ ತುಂಬ ನಟ್ಟು, ಬೋಲ್ಟು, ವಾಷರು, ಸ್ಕ್ರೂ. ಎಲ್ಲವೂ ಸೀಮೆಎಣ್ಣೆಯಲ್ಲಿ ಮಿಂದು, ಅಲ್ಲೊಂದು ಇಲ್ಲೊಂದು ಕುಂಕುಮದ ಚುಕ್ಕೆ ಇಟ್ಟುಕೊಂಡು, ಒಂದೇ ತಾಯಿಯ ಮಕ್ಕಳ ಹಾಗೆ ಹೊಳೆಯುತ್ತಿದ್ದವು. ಕೆಳಗೆ ಹಾಸಿದ್ದ ಪೇಪರು ಎತ್ತಿ ಝಾಡಿಸಿದ. ಪೂಜೆಯ ಹಲಗೆಯಡಿ ಬಗ್ಗಿ ನೋಡಿದ. ಚೆಂಡುಹೂವಿನ ಎಸಳು ಬಿಟ್ಟರೆ ಏನೂ ಇರಲಿಲ್ಲ.

"ಕ್ಯಾ ಹುವಾ, ಶಬ್ಬೀರ್ ಭಾಯ್?" ಸ್ಟೂಲಿನ ಮೇಲೆ ಕೂತಿದ್ದ ಮನೀಶ ಕೇಳಿದ. ಅವನ ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಹೂವಿನ ಹಾರವಿತ್ತು, ಕಾರಿನ ಮೂತಿಗೆ ಹಾಕಲೆಂದು ತಂದದ್ದು.

"ಎರಡು ಕಮ್ಮಿ ಅದಾವು ಸೇಠ್. ಇಲ್ಲೇ ಎಲ್ಲ್ಯರ ಇರತಾವು."

ಮನೀಶನ ತಂದೆಗೆ ಸಾಂತಾಕ್ರೂಜ್ ಸ್ಟೇಷನ್ನಿನ ಹೊರಗೆ ಹೋಟೆಲು. ಉಡುಪಿಯ ಕಡೆಯ ಮನೆತನ. ಮನೀಶ ಹುಟ್ಟಿ ಬೆಳೆದದ್ದೆಲ್ಲ ಮುಂಬೈಯಲ್ಲೇ, ಹಾಗಾಗಿ ಅವನ ಕನ್ನಡ ನಾಲ್ಕು ಹೆಜ್ಜೆ ನಡೆದು ಹಿಂದಿಯ ರಿಕ್ಷಾ ಹತ್ತಿಬಿಡುತ್ತದೆ. ಗ್ಯಾರೇಜಿನ ನಡುವೆ ನಿಂತದ್ದು ಅವನ ತಂದೆಯ ಕಾರು. ಐವತ್ತು ವರ್ಷ ದಾಟಿದ, ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ, ಕಡುಹಸಿರು ಬಣ್ಣದ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಬಹಳ ವರ್ಷ ಹೊದಿಕೆಯಡಿ ಮಲಗಿತ್ತು. ಶಬ್ಬೀರ ಮತ್ತು ಧರ್ಮಣ್ಣ ಅದರ ಇಂಜಿನ್ನನ್ನು ಎಬ್ಬಿಸಿದರು, ಗೇರಿನ ಪೆಟ್ಟಿಗೆ ಬಿಚ್ಚಿ ಕಟ್ಟಿದರು, ತುಕ್ಕು ತಿಂದ ಬಾಗಿಲಿಗೆ ತಗಡು ಹಚ್ಚಿದರು. ಕೊನೆಗೆ ಸೋತದ್ದು ಆರು ಬೋಲ್ಟಿಗೆ. ಮುಂದಿನ ಗಾಜಿನ ಚೌಕಟ್ಟನ್ನು ಎರಡೂ ಬದಿಯಿಂದ ಹಿಡಿಯುವ, ಕಿರುಬೆರಳಿಗಿಂತ ಚಿಕ್ಕ ಬೋಲ್ಟುಗಳು.

ಆ ಕಾರು ಇಂಚಿನ ಕಾಲದ್ದು. ಈಗ ಅಂಗಡಿಯಲ್ಲಿ ಸಿಗುವುದೆಲ್ಲ ಮಿಲಿಮೀಟರಿನ ಮಾಲು. ಶಬ್ಬೀರ ಮಳೆಗಾಲ ಪೂರ್ತಿ ಹಳೆಯದೊಂದು ಬೋಲ್ಟನ್ನು ಕಿಸೆಯಲ್ಲಿಟ್ಟುಕೊಂಡು ತಿರುಗಿದ್ದ. ನಾಗದೇವಿಯ ಓಣಿಗಳಲ್ಲಿ ಅಂಗಡಿಯಿಂದ ಅಂಗಡಿಗೆ, ಕುರ್ಲಾದ ಗುಜರಿಯಲ್ಲಿ ಕೆಸರು ತುಳಿಯುತ್ತ, ಅಂಧೇರಿಯ ಒಬ್ಬ ಸಿನಿಮಾದವನ ಹಳೆ ಕಾರುಗಳ ಶೆಡ್ಡಿನವರೆಗೂ. ಕೊಟ್ಟವರೆಲ್ಲ "ಏಕದಂ ಸೇಮ್" ಅಂದೇ ಕೊಟ್ಟರು. ಹಾಕಿ ನೋಡಿದರೆ ಮೊದಲ ಮೂರು ಸುತ್ತು ಬೆಣ್ಣೆಯಲ್ಲಿ ಹೋದ ಹಾಗೆ ಹೋಗಿ, ಆಮೇಲೆ ಕಚ್ಚಿಕೊಂಡು ನಿಲ್ಲುತ್ತಿತ್ತು. ಒತ್ತಾಯ ಮಾಡಿದರೆ ಇನ್ನಷ್ಟು ಹೋಗುತ್ತಿತ್ತು, ಆದರೆ ಒಳಗಿನ ಥ್ರೆಡ್ಡನ್ನು ತಿಂದುಕೊಂಡು.

"ಇದು ಮದುವೆಗೆ ಹೂಂ ಅಂದು ಮುಹೂರ್ತಕ್ಕೆ ಓಡಿಹೋಗುವ ಜಾತಿ, ಮಾರಾಯ," ಎಂದಿದ್ದ ದೂಜ. ಪರೇಲಿನ ಒಂದು ಗಲ್ಲಿಯಲ್ಲಿ ಲೇಥ್ ಇಟ್ಟುಕೊಂಡ ತುಳು ಮನುಷ್ಯ. ಮನೀಶನ ತಂದೆಯೇ ಅವನ ಹೆಸರು ಹೇಳಿದ್ದು. ದೂಜ ಹಳೆಯ ಬೋಲ್ಟನ್ನು ಕನ್ನಡಕದ ಮೇಲಿಂದ ನೋಡಿ, ಹೊಸದಾಗಿ ಆರು ಕಡೆದು, ಹೊಳೆಯುವ ಲೇಪ ಹಾಕಿಸಿ, ಪೇಪರಿನ ಪುಡಿಕೆ ಕಟ್ಟಿ ಕೊಟ್ಟ. ಕೊಡುವಾಗ ಒಂದು ಮಾತು ಹೇಳಿದ. "ಇದು ಸಾದಾ ಕಬ್ಬಿಣ. ಗಾಜು ಹಿಡ್ಕೊಳ್ಳಿಕ್ಕೆ ಸಾಕು. ಬೇರೆ ಎಲ್ಲಿಗೂ ಹಾಕ್ಬೇಡ."

ಈಗ ಆ ಪುಡಿಕೆಯೂ ಇರಲಿಲ್ಲ.

ನಿನ್ನೆ ಖಂಡೆ ನವಮಿ, ಆಯುಧಪೂಜೆ. ಕಲೀನಾದ ಈ ಗ್ಯಾರೇಜು ಶಬ್ಬೀರನದೂ ಧರ್ಮಣ್ಣನದೂ ಕೂಡಿ. ಇಬ್ಬರೂ ಸಿಂದಗಿ ಕಡೆಯವರು. ಪೂಜೆ ಧರ್ಮಣ್ಣನ ಪಾಲು. ಟೊಂಕಕ್ಕೆ ಟವೆಲು ಸುತ್ತಿ ನೆಲ ತೊಳೆಯುವುದು, ಆಮೇಲೆ ಹೋಳಿಗೆ ತಿನ್ನುವುದು ಶಬ್ಬೀರನ ಪಾಲು. ಧರ್ಮಣ್ಣನ ಪೂಜೆಗೊಂದು ಕಟ್ಟಳೆ. ಕುಂಕುಮ ಹಚ್ಚಿದ ಹತಾರವನ್ನು ಮರುದಿನ ಬನ್ನಿ ಎಲೆ ಕೊಟ್ಟು ತಗೊಳ್ಳುವ ತನಕ ಯಾರೂ ಎತ್ತಕೂಡದು. ಪಾನಾ, ಇಕ್ಕಳ, ಸುತ್ತಿಗೆ ಎಲ್ಲ ಹಲಗೆಯ ಮೇಲೆ ಸಾಲಾಗಿ ಮಲಗಿರಬೇಕು. ನಟ್ಟು ಬೋಲ್ಟಿಗೆ ಈ ಕಟ್ಟಳೆಯಿಲ್ಲ. ಶಬ್ಬೀರ ಇಷ್ಟು ವರ್ಷ ಅದನ್ನು ಮುರಿದವನಲ್ಲ. ಇವತ್ತೂ ಧರ್ಮಣ್ಣ ಬನ್ನಿ ತರುವಷ್ಟರಲ್ಲಿ ಮನೀಶನ ಬೋಲ್ಟು ಆರಿಸಿಡೋಣ ಎಂದು ಬರಿಗೈಯಲ್ಲಿ ಕೂತಿದ್ದ.

ಎಂಟು ಮಿಲಿಮೀಟರಿನ ಹೊಸ ಬೋಲ್ಟುಗಳನ್ನು ಒಂದು ಕಡೆ ಸರಿಸುತ್ತ ಹೋದ. ಹತ್ತು ಇದ್ದವು. ಅಂಗಡಿಯಿಂದ ತಂದದ್ದೂ ಹತ್ತೇ.

ಅವನ ಕೈ ನಿಂತಿತು.

ಹತ್ತು ಇರಬಾರದಾಗಿತ್ತು. ನಿನ್ನೆ ಸಂಜೆ ಅದರಲ್ಲಿ ಎರಡನ್ನು ಅವನೇ ತೆಗೆದು ಈಶ್ವರನ ಟ್ಯಾಕ್ಸಿಗೆ ಹಾಕಿದ್ದ. ಹಾಕಿದ್ದೇನೆ ಎಂದುಕೊಂಡಿದ್ದ.

ಧರ್ಮಣ್ಣ ಪೂಜೆ ಮುಗಿಸಿ ಮನೆಗೆ ಹೋದ ಮೇಲೆ ಈಶ್ವರ ಬಂದಿದ್ದ. ಮರೋಳದಲ್ಲಿ ಮನೆ, ಆ್ಯಪ್ ಕಂಪನಿಗೆ ಹಚ್ಚಿದ ಬಿಳಿ ಟ್ಯಾಕ್ಸಿ, ಅಫಜಲಪುರದ ಹುಡುಗ. ಮುಂದಿನ ಎಡಗಾಲಿಯ ಬ್ರೇಕು ಕೂಗುತ್ತಿತ್ತು. ನಾಳೆ ಬಾ ಅಂದರೆ, "ನಾಳೆ ಮುಂಜಾನಿ ನಮ್ಮವ್ವನ್ನ ಪರೇಲ್ ದವಾಖಾನಿಗೆ ಕರ್ಕೊಂಡು ಹೋಗಬೇಕಣ್ಣಾ, ಡಯಾಲಿಸಿಸ್ ಐತಿ. ಅದಕ್ಕ ದಸರಾ ಇಲ್ಲ, ಈದ್ ಇಲ್ಲ," ಅಂದಿದ್ದ. ಶಬ್ಬೀರ ಒಪ್ಪಿದ. ಎಂಟು ಮಿಲಿಮೀಟರಿನ ಬೋಲ್ಟಿನ ತಲೆಗೆ ಸರಿಯಾಗಿ ಕೂರುವ ಹದಿಮೂರು ನಂಬರಿನ ಪಾನಾ ಹಲಗೆಯ ಮೇಲಿತ್ತು, ಮುಟ್ಟಲಿಲ್ಲ, ಧರ್ಮಣ್ಣನ ಪೂಜೆ ಕೆಡಬಾರದು. ತನ್ನ ಸ್ಕೂಟರಿನ ಡಿಕ್ಕಿಯಿಂದ ಸ್ಕ್ರೂ ಪಾನಾ ತಂದ. ಬಾಯಿ ಹಿಗ್ಗಿಸಿ ಕುಗ್ಗಿಸಿ ಯಾವ ತಲೆಗೂ ಕೂರಿಸಬಹುದಾದ ಪಾನಾ ಅದು. ಗಾಲಿಯ ತಟ್ಟೆಯನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುವ ಬ್ರೇಕಿನ ಇಕ್ಕಳಕ್ಕೆ ಎರಡು ಬೋಲ್ಟು ಇರುತ್ತವೆ, ಎರಡರ ತಲೆಯೂ ಸವೆದಿದ್ದವು. ಸಾಮಾನಿನ ಸ್ಟೀಲ್ ತಟ್ಟೆಯಿಂದ ಎರಡು ಹೊಸದನ್ನು ತೆಗೆದು ಹಾಕಿದ. ಸ್ವಲ್ಪ ಬಿಗಿ ಅನಿಸಿತು. ಹೊಸದು, ಬಿಗಿ ಇರಲಿ ಅಂದುಕೊಂಡ.

ಅವು ದೂಜನ ಬೋಲ್ಟುಗಳು. ಗಾಜು ಹಿಡಿಯಲು ಕಡೆದ ಸಾದಾ ಕಬ್ಬಿಣ, ಇಂಚಿನ ಥ್ರೆಡ್ಡು, ಮಿಲಿಮೀಟರಿನ ತೂತಿನಲ್ಲಿ.

ಶಬ್ಬೀರ ಫೋನು ಎತ್ತಿದ. ರಿಂಗಾಯಿತು, ಕಟ್ ಆಯಿತು. ಮತ್ತೆ ಮಾಡಿದ. ಈ ಸಲ ಇನ್ನೂ ಬೇಗ ಕಟ್ ಆಯಿತು.

"ಶಬ್ಬೀರ್ ಭಾಯ್, ಡ್ಯಾಡಿ ಅಲ್ಲಿ ರೆಡಿ ಆಗಿ ಕೂತಿದ್ದಾರೆ," ಎಂದ ಮನೀಶ. "ಕೋಟ್ ಹಾಕಿ. ಜುಹೂವರೆಗೆ ಒಂದು ರೌಂಡ್, ಬಸ್. ಅವರು ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ರು."

"ಸೇಠ್, ನಿಮ್ಮ ಬೋಲ್ಟು ಒಬ್ಬರ ಬ್ರೇಕಿನ್ಯಾಗ ಕುಂತಾವು," ಎಂದ ಶಬ್ಬೀರ. ಬಾಯಿಂದ ಬಂದ ಮೇಲೆ ಅದರ ಅರ್ಥ ಅವನಿಗೇ ಹೊಸದಾಗಿ ಕೇಳಿಸಿತು.

ಮನೀಶ ಹೂವಿನ ಚೀಲವನ್ನು ಮೆಲ್ಲಗೆ ನೆಲಕ್ಕಿಟ್ಟ.

ಧರ್ಮಣ್ಣನ ಮನೆ ಹಿಂದಿನ ಗಲ್ಲಿ. ಫೋನು ಹೋದ ಕೂಡಲೇ ಬಂದ, ಹೊಸ ಅಂಗಿಯ ಗುಂಡಿ ಇನ್ನೂ ಅರ್ಧ ಹಾಕಿರಲಿಲ್ಲ. "ಬನ್ನಿ ತರಾಕ ಹೊಂಟಿದ್ದೆ, ಏನ್ ಬೆಂಕಿ ಹತ್ತೇತಿ," ಎನ್ನುತ್ತ ಬಂದವನು ಶಬ್ಬೀರನ ಮುಖ ನೋಡಿ ತಟ್ಟೆಯ ಹತ್ತಿರ ಬಗ್ಗಿದ. ಶಬ್ಬೀರ ಹತ್ತು ಬೋಲ್ಟು ತೋರಿಸಿದ, ನಾಲ್ಕು ಬೋಲ್ಟು ತೋರಿಸಿದ. ಹೆಚ್ಚು ಹೇಳಬೇಕಾಗಲಿಲ್ಲ. ಧರ್ಮಣ್ಣ ಒಂದೊಂದನ್ನು ಬೆರಳಲ್ಲಿ ತಿರುಗಿಸಿ ನೋಡಿ ತಟ್ಟೆಯ ಅಂಚಿಗಿಟ್ಟ.

"ಮತ್ತ ಹಚ್ಚು ಫೋನ್."

"ಕಟ್ ಮಾಡಾಕತ್ತಾನ."

"ಅವ್ವ ಇರತಾಳ ಬಾಜೂಕ. ಆಕಿ ಕೈಯಾಗ ಕೊಟ್ಟಿರತಾನ. ಪುರಾಣ ಹಚ್ಚಿ ಕೊಟ್ರ ಆಕಿ ಸುಮ್ಮ ಕೂಡತಾಳ."

ಶಬ್ಬೀರ ಸರಿಯಾದ ಎರಡು ಬೋಲ್ಟು ಕಿಸೆಗೆ ಹಾಕಿಕೊಂಡು ಸ್ಕೂಟರಿನ ಡಿಕ್ಕಿ ತೆಗೆದು ಸ್ಕ್ರೂ ಪಾನಾ ಇದೆಯೇ ನೋಡಿದ. ಹಿಂದೆ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದಾಯಿತು. ಧರ್ಮಣ್ಣ ಹಲಗೆಯ ಸಾಲಿನಿಂದ ಹದಿಮೂರು ನಂಬರಿನ ಪಾನಾ ಎತ್ತಿಕೊಂಡಿದ್ದ. ಅದರ ಹಿಡಿಕೆಗೆ ಕುಂಕುಮ ಒಣಗಿತ್ತು, ಬಾಯಲ್ಲಿ ಚೆಂಡುಹೂವಿನ ಎಸಳು ಸಿಕ್ಕಿಕೊಂಡಿತ್ತು. ಸಾಲಿನಲ್ಲಿ ಅದರ ಜಾಗ ಉದುರಿದ ಹಲ್ಲಿನ ಹಾಗೆ ಖಾಲಿ ಕಾಣಿಸಿತು.

"ಬನ್ನಿ ಆಗಿಲ್ಲಲೋ," ಎಂದ ಶಬ್ಬೀರ.

"ಗಾಡಿ ಚಾಲೂ ಮಾಡು," ಎಂದ ಧರ್ಮಣ್ಣ.

ವಾಕೋಲಾ ದಾಟಿ ಹೈವೇಗೆ ಬಿದ್ದರು. ಹಬ್ಬದ ದಿನ ರಸ್ತೆ ಖಾಲಿ ಇರುತ್ತದೆ ಅಂದುಕೊಂಡಿದ್ದು ಸುಳ್ಳಾಯಿತು. ಮುಂಬೈಯ ಗಾಡಿಗಳೆಲ್ಲ ಮಿಂದು ಹೊರಬಿದ್ದಿದ್ದವು. ಬಸ್ಸಿಗೆ ಹಾರ, ಟ್ರಕ್ಕಿಗೆ ಹಾರ, ರಿಕ್ಷಾದ ಕನ್ನಡಿಗೆ, ಇಲ್ಲಿಯವರು ಬನ್ನಿಯ ಬದಲು ಕೊಡುವ ಆಪ್ಟಾ ಎಲೆಯ ಗೊಂಚಲು. ಬಿಳಿ ಟ್ಯಾಕ್ಸಿ ಕಂಡಾಗಲೆಲ್ಲ ಶಬ್ಬೀರನ ಕಣ್ಣು ಮೊದಲು ಎಡಗಡೆಯ ಮುಂದಿನ ಗಾಲಿಗೆ ಹೋಗುತ್ತಿತ್ತು. ಬೋಲ್ಟು ಎರಡೂ ಬಿಟ್ಟುಕೊಂಡರೆ ಏನಾಗುತ್ತದೆಂದು ಅವನಿಗೆ ಗೊತ್ತು. ಇಕ್ಕಳ ಮೇಲಕ್ಕೆದ್ದು ರಿಮ್ಮಿಗೆ ಸಿಕ್ಕಿಕೊಳ್ಳುತ್ತದೆ. ಪುಣ್ಯವಿದ್ದರೆ ಗಾಲಿ ಅಲ್ಲೇ ಹಿಡಿದು ನಿಲ್ಲುತ್ತದೆ. ಇಲ್ಲದಿದ್ದರೆ ಬ್ರೇಕಿನ ಎಣ್ಣೆಯ ಪೈಪು ಹರಿದು, ಪೆಡಲು ನೆಲಕ್ಕೆ ಹೋಗುತ್ತದೆ.

"ನೀ ಯಾಕ ಬಿಚ್ಚಿದ್ಯೋ ಆ ಪುಡಿಕಿ?" ಕೊನೆಗೆ ಕೇಳಿದ.

ಹಿಂದೆ ಕೂತ ಧರ್ಮಣ್ಣ ತಡಮಾಡಲಿಲ್ಲ, ಉತ್ತರ ತಯಾರಿಟ್ಟುಕೊಂಡೇ ಕೂತಿದ್ದ. "ಇದ್ದ ಕಬ್ಬಣಕ್ಕೆಲ್ಲ ಕುಂಕುಮ ಹಚ್ಚಿ, ಅವನ್ನಷ್ಟ ಪೇಪರನ್ಯಾಗ ಬಿಡಬೇಕಾಗಿತ್ತೇನು? ಮಳಿಗಾಲ ಪೂರ್ತಿ ತಿರಗ್ಯಾಡಿ ತಂದ ಸಾಮಾನು. ಅವಕ್ಕ ಬಿಟ್ಟು ಯಾವುದಕ್ಕ ಮಾಡಲಿ ಪೂಜಾ?"

"ಬ್ಯಾರೆ ಬಟ್ಟಲದಾಗ ಇಡಬೇಕಾಗಿತ್ತು."

"ನೀ ನೋಡಿ ಹಾಕಬೇಕಾಗಿತ್ತು."

"ಸ್ಕ್ರೂ ಪಾನಾಕ್ಕ ಏನ್ ಗೊತ್ತಾಗತೈತಿ? ಹದಿಮೂರು ಹಿಡದಿದ್ರ ಗೊತ್ತಾಗ್ತಿತ್ತು. ಇಂಚಿನ ತಲಿ ಮ್ಯಾಲ ಹದಿಮೂರು ಲಟಲಟ ಅಂತೈತಿ."

"ಮತ್ತ ಹಿಡೀಬೇಕಾಗಿತ್ತು."

"ನಿನ್ನ ಪೂಜಾ ಕೆಡತೈತಿ ಅಂತ ಬಿಟ್ಟೆ, ಹೈವಾನ್."

ಧರ್ಮಣ್ಣ ಹಿಡಿದಿದ್ದ ಪಾನಾದ ತುದಿ ಶಬ್ಬೀರನ ಬೆನ್ನಿಗೆ ಒತ್ತುತ್ತಿತ್ತು. ತೆಗಿ ಅನ್ನಲು ಶಬ್ಬೀರನಿಗೆ ಮನಸ್ಸಾಗಲಿಲ್ಲ.

ಕಲಾನಗರದ ಹತ್ತಿರ ರಸ್ತೆ ನಿಂತುಬಿಟ್ಟಿತ್ತು. ಫ್ಲೈಓವರ್ ಇಳಿಯುವ ಬುಡದಲ್ಲಿ ಜನರ ಗುಂಪು, ಗುಂಪಿನ ನಡುವೆ ಒಂದು ಬಿಳಿ ಕಾರು ಓರೆಯಾಗಿ ನಿಂತಿತ್ತು. ಅದರ ಕೆಳಗೆ ರಸ್ತೆಯ ಮೇಲೆ ಏನೋ ನೀರು ಹರಡಿತ್ತು. ಶಬ್ಬೀರನ ಕಾಲು ಸ್ಕೂಟರಿನಿಂದ ತಾನಾಗಿಯೇ ಕೆಳಗಿಳಿಯಿತು. ಮುಂದೆ ಹೋಗಲು ಅವನಿಂದಾಗಲಿಲ್ಲ. ಧರ್ಮಣ್ಣನೇ ಇಳಿದು, ಗಾಡಿಗಳ ಸಂದಿಯಲ್ಲಿ ನುಗ್ಗಿ ಹೋದ. ಸ್ವಲ್ಪ ಹೊತ್ತಿಗೆ ತಿರುಗಿ ಬಂದ. ಮುಖ ಉರಿಯುತ್ತಿತ್ತು.

"ಹೊಸಾ ಕಾರು. ಶೋರೂಮಿನಿಂದ ತಂದು ಇಲ್ಲೇ ಟೆಂಗಿನಕಾಯಿ ಒಡ್ಯಾಕತ್ತಾರ ಮಕ್ಕಳು. ನಡು ರಸ್ತೆದಾಗ. ಒಡದದ್ದು ಕೊಳತೈತಿ ಅಂತ ಇನ್ನೊಂದು ತರಾಕ ಹೋಗ್ಯಾನಂತ ಒಬ್ಬವ."

ಶಬ್ಬೀರ ಮತ್ತೆ ಸ್ಕೂಟರು ಹತ್ತಿದ. ಧರ್ಮಣ್ಣ ಮತ್ತೆ ಫೋನು ಹಚ್ಚಿ ಕಿವಿಗಿಟ್ಟ. ಎರಡು ರಿಂಗಿಗೆ ಅವನ ಹುಬ್ಬು ಮೇಲಕ್ಕೆದ್ದಿತು. ಸ್ಪೀಕರಿಗೆ ಹಾಕಿದ.

ಮೊದಲು ಕೇಳಿಸಿದ್ದು ಗಾಡಿಯ ಸದ್ದು, ಹಾರ್ನು. ಅದರ ಹಿಂದೆ, ನಿಧಾನವಾಗಿ, ಕಟ್, ಕಟ್ ಎಂಬ ಇನ್ನೊಂದು ಸದ್ದು. ಆಮೇಲೆ ಮುದಿ ದನಿ. "ಇದರಾಗಿಂದು ಪುರಾಣ ಯಾಕ ನಿಂತ್ತು?"

"ಯವ್ವಾ, ನಾ ಧರ್ಮಣ್ಣ, ಕಲೀನಾದವ. ಗಾಡಿ ನಿಂದರಸು ಅನ್ನು ಈಶ್ವರಗ."

"ಯಾರು, ಕಂಪನಿಯವರಾ?"

"ಕಂಪನಿಯಲ್ಲ ಯವ್ವಾ. ಧರ್ಮಣ್ಣ. ಗಾಡಿ ನಿಂದರಸರಿ."

"ಇವತ್ತ ಡ್ಯೂಟಿ ಇಲ್ರಿ. ದಸರಾ ಐತಿ. ನನ್ನ ಮಗಾ ನನ್ನ ಕರ್ಕೊಂಡು ಹೊಂಟಾನ."

ದೂರದಿಂದ ಈಶ್ವರನ ದನಿ ಬಂತು. "ಕಂಪನಿ ಇದ್ರ ಕೆಂಪು ಒತ್ತವ್ವಾ, ಕೆಂಪು." ಅವನ ಅವ್ವ ಹಾಲವ್ವ, ಮಗ ಹೇಳಿಕೊಟ್ಟ ಹಾಗೆ ಕೆಂಪು ಒತ್ತಿದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆ ಕಟ್ ಕಟ್ ಸದ್ದು ಏನೆಂದು ಇಬ್ಬರಿಗೂ ಗೊತ್ತು. ಒಂದು ಬೋಲ್ಟು ಆಗಲೇ ಸಡಿಲಾಗಿದೆ. ಶಬ್ಬೀರ ಸ್ಕೂಟರನ್ನು ಫುಟ್‌ಪಾತಿಗೆ ಹತ್ತಿಸಿದ. ಹೂ ಮಾರುವವಳೊಬ್ಬಳು ಮರಾಠಿಯಲ್ಲಿ ಅವನ ಮನೆಯವರನ್ನೆಲ್ಲ ನೆನೆದಳು. ಧಾರಾವಿ, ಸಾಯನ್, ದಾದರ್. ಒಂದು ಸಿಗ್ನಲ್ಲಿನಲ್ಲಿಯೂ ಅವನು ಕೆಂಪು ನೋಡಲಿಲ್ಲ. ನೋಡಿದ್ದರೂ ನೆನಪಿಲ್ಲ.

ಪರೇಲಿನ ದವಾಖಾನೆಯ ಗೇಟಿನೊಳಗೆ, ಅಶ್ವತ್ಥದ ಕಟ್ಟೆಯ ಹತ್ತಿರ ಬೆಂಚಿನ ಮೇಲೆ ಹಾಲವ್ವ ಕೂತಿದ್ದಳು. ಸಣ್ಣ ಜೀವ, ಹಸಿರು ಇಳಕಲ್ ಸೀರೆ, ಮಡಿಲಲ್ಲಿ ಫೋನು, ಫೋನಿನಲ್ಲಿ ಪುರಾಣ. ಅವಳನ್ನು ಕಂಡ ಕೂಡಲೇ ಶಬ್ಬೀರ ಸ್ಕೂಟರು ಅಲ್ಲೇ ನಿಲ್ಲಿಸಿ ಇಳಿದ. ಅವಳು ಇದ್ದಾಳೆ. ಇನ್ನು ಆ ಕಾರಿನಲ್ಲಿ ಅವಳು ಇಲ್ಲ.

"ಶಬ್ಬೀರ, ನೀ ಇಲ್ಲೇನು ತಮ್ಮಾ? ನಿಮ್ಮ ಮನ್ಯಾಗ ಯಾರಿಗಿ ಆರಾಮ ಇಲ್ಲ?"

"ಎಲ್ಲಾರೂ ಆರಾಮ ಅದಾರ ಅವ್ವಾ. ಈಶ್ವರ ಎಲ್ಲಿ?"

"ನನ್ನ ಇಲ್ಲಿ ಕುಂದರಿಸಿ ಗಾಡಿ ಹಚ್ಚಾಕ ಹ್ವಾದ. ಗಾಲ್ಯಾಗ ಏನೋ ಬಡೀತೈತಿ ಅಂತಿದ್ದ. ಎಲ್ಲೆರ ಗ್ಯಾರೇಜ್ ತೆರದಿದ್ರ ತೋರಿಸಿ, ಇಲ್ಲಂದ್ರ ಪುಲ್ ಮ್ಯಾಲ ಒಂದು ರೌಂಡ್ ಹೊಡದು ಬರತೀನಿ ಅಂದ." ಅವಳು ಫೋನನ್ನು ಎತ್ತಿ ತೋರಿಸಿದಳು. "ಇದನ್ನ ನನ್ನ ಹತ್ರನ ಬಿಟ್ಟು ಹೋಗ್ಯಾನ. ಆ ಕಂಪನಿಯವರು ಮುಂಜಾನಿಯಿಂದ ಬಿಡವಲ್ರು ನೋಡು. ಒಬ್ಬಾಂವ ಕನ್ನಡದಾಗ ಮಾತಾಡಿದ."

ಧರ್ಮಣ್ಣ ಆಗಲೇ ಓಡುತ್ತಿದ್ದ.

ದವಾಖಾನೆಯ ಗೇಟಿನಾಚೆ ಫ್ಲೈಓವರಿನ ಅಡಿಯಲ್ಲಿ ಟ್ಯಾಕ್ಸಿಗಳು ಸಾಲಾಗಿ ನಿಂತಿದ್ದವು. ಎಲ್ಲವೂ ಬಿಳಿ, ಎಲ್ಲಕ್ಕೂ ಹಳದಿ ನಂಬರ್ ಪ್ಲೇಟು, ಎಲ್ಲದರ ಮೂತಿಗೂ ಚೆಂಡುಹೂವು. ಒಂದೊಂದರ ನಂಬರು ನೋಡುತ್ತ ಹೋಗುವಷ್ಟು ಹೊತ್ತಿರಲಿಲ್ಲ. ಶಬ್ಬೀರ ಬೆನ್ನುಗಳನ್ನಷ್ಟೇ ನೋಡುತ್ತ ಓಡಿದ. ಹಿಂದಿನ ಗಾಜಿನ ಮೇಲೆ ಮರಾಠಿ, ಹಿಂದಿ, ಉರ್ದು, ಮತ್ತೆ ಮರಾಠಿ. ಸಾಲು ಮುಗಿಯುವಲ್ಲಿ, ಮೇಲಕ್ಕೆ ಹತ್ತುವ ತಿರುವಿಗೆ ಮೂತಿ ಮಾಡಿಕೊಂಡು ಒಂದು ಕಾರು ನಿಂತಿತ್ತು. ಗಾಜಿನ ಮೇಲೆ ದುಂಡನೆಯ ಕೆಂಪು ಕನ್ನಡ ಅಕ್ಷರ, ಈಶ್ವರನ ಊರ ಕಡೆಯ ದೇವಿಯ ಹೆಸರು. ಘತ್ತರಗಿ ಭಾಗಮ್ಮ ಪ್ರಸನ್ನ.

ಹಿಂದಿನ ದೀಪ ಹತ್ತಿ ಆರಿತು. ಕಾರು ಹೊರಟಿತು.

ಶಬ್ಬೀರ ಕೂಗಿದ. ತನ್ನ ದನಿ ತನಗೇ ಕೇಳಿಸಲಿಲ್ಲ, ಮೇಲೆ ಬಸ್ಸು ಹೋಗುತ್ತಿತ್ತು. ಧರ್ಮಣ್ಣ ಅಡ್ಡದಾರಿಯಿಂದ ಕಂಬಗಳ ನಡುವೆ ನುಗ್ಗಿ ಕಾರಿನ ಮುಂದೆ ಬಂದು ನಿಂತ. ಒಂದು ಕೈಯಲ್ಲಿ ಪಾನಾ, ಇನ್ನೊಂದು ಕೈಯನ್ನು ಬಾನೆಟ್ಟಿನ ಮೇಲೆ ಒತ್ತಿ, ಹೋರಿ ತಡೆಯುವವನ ಹಾಗೆ ಕಾಲು ಊರಿದ. ಒಳಗೆ ಈಶ್ವರ ಬ್ರೇಕು ಒತ್ತಿದ. ಕಾರು ಕೂಡಲೇ ನಿಲ್ಲಲಿಲ್ಲ. ಎಡಗಾಲಿಯಿಂದ ಕಬ್ಬಿಣ ಕಬ್ಬಿಣವನ್ನು ಕಡಿಯುವ ಸದ್ದು ಬಂತು, ಮೂತಿ ಬಲಕ್ಕೆ ಎಳೆಯಿತು, ಧರ್ಮಣ್ಣನ ಚಪ್ಪಲಿ ಧೂಳಿನಲ್ಲಿ ಹಿಂದಕ್ಕೆ ಜಾರಿತು. ಆಮೇಲೆ ನಿಂತಿತು.

"ತಲಿ ಕೆಟ್ಟೈತೇನು ಧರ್ಮಣ್ಣಾ," ಎನ್ನುತ್ತ ಈಶ್ವರ ಬಾಗಿಲು ತೆರೆದ. "ಸಾಯಾಕ ನನ್ನ ಗಾಡಿನ ಸಿಕ್ತೇನು ನಿನಗ?"

"ಬಂದ್ ಮಾಡು. ಚಾವಿ ತಗಿ. ಮದಲ ಚಾವಿ ತಗಿ."

ಟ್ಯಾಕ್ಸಿಯ ಡಿಕ್ಕಿಯಿಂದಲೇ ಜಾಕು ತೆಗೆದು ಗಾಲಿ ಬಿಚ್ಚಿದರು. ಈಶ್ವರ ಕೈಕಟ್ಟಿ ನಿಂತು ನೋಡಿದ. ಕೆಳಗಿನ ಬೋಲ್ಟಿನ ಜಾಗದಲ್ಲಿ ಖಾಲಿ ತೂತಿತ್ತು. ಮರೋಳದಿಂದ ಇಲ್ಲಿಯವರೆಗಿನ ಯಾವ ರಸ್ತೆಯಲ್ಲಿ ಅದು ಬಿತ್ತೋ. ಮೇಲಿನದು ಕೊನೆಯ ಸುತ್ತುಗಳಲ್ಲಿ ಓರೆಯಾಗಿ ನೇತಾಡುತ್ತಿತ್ತು. ಶಬ್ಬೀರ ಅದನ್ನು ಬರಿಬೆರಳಲ್ಲಿ ತಿರುಗಿಸಿದ. ಹಣ್ಣು ಬಿಡಿಸಿಕೊಂಡ ಹಾಗೆ ಕೈಗೆ ಬಂತು. ಥ್ರೆಡ್ಡೆಲ್ಲ ಸವೆದು ಬೆಳ್ಳಗಾಗಿತ್ತು.

ಇಲ್ಲಿ ಒಂದು ಸುಳ್ಳು ಹೇಳಬಹುದಿತ್ತು. ಮಾಲು ಖೋಟಾ ಬಂದಿತ್ತು, ಅಂಗಡಿಯವನು ಮೋಸ ಮಾಡಿದ ಅನ್ನಬಹುದಿತ್ತು. ಆ ಸುಳ್ಳು ನಾಲಗೆಯ ಮೇಲೆ ಬಂದು ಕೂತದ್ದೂ ಶಬ್ಬೀರನಿಗೆ ಗೊತ್ತಾಯಿತು.

"ಅದು ನನ್ನ ತಪ್ಪು," ಎಂದು ಧರ್ಮಣ್ಣ ಶುರುಮಾಡಿದ, "ನಾ ಪೂಜಾಕ್ಕ ಎಲ್ಲಾ ಕೂಡಿಸಿ..."

"ಹಾಕಿದಾಂವ ನಾ," ಎಂದ ಶಬ್ಬೀರ. "ಇದು ಬ್ರೇಕಿನ ಬೋಲ್ಟಲ್ಲ ಈಶ್ವರ. ಒಂದು ಹಳೀ ಕಾರಿನ ಗಾಜಿಂದು. ನೋಡದ ಹಾಕಿದೆ. ಇವತ್ತ ಮುಂಜಾನಿ ಎಣಿಸಿದಾಗ ತಿಳೀತು."

ಈಶ್ವರ ಬೋಲ್ಟನ್ನು ಇಸಿದುಕೊಂಡು ಉಗುರಿನಿಂದ ಕೆರೆದು ನೋಡಿದ. ತಿರುಗಿ ಕಾರಿನ ಒಳಗೆ ನೋಡಿದ, ಅವ್ವ ಕೂತಿದ್ದ ಮುಂದಿನ ಸೀಟನ್ನು. ಅಲ್ಲಿ ಅವಳ ನೀರಿನ ಬಾಟಲಿ ಇನ್ನೂ ಬಿದ್ದಿತ್ತು.

"ನಮ್ಮವ್ವಗ ವಾಂತಿ ಬರತೈತಿ ಅಂತ ಹಗೂರಕ ಹೊಡದೆ," ಎಂದ. "ಇಲ್ಲಂದ್ರ ನಾ ಹಂಗ ಹೊಡ್ಯಾಂವಲ್ಲ." ಬೋಲ್ಟನ್ನು ಶಬ್ಬೀರನ ಕೈಗೆ ತಿರುಗಿ ಕೊಟ್ಟ. ಬೈದಿದ್ದರೆ ಶಬ್ಬೀರನಿಗೆ ಹಗುರಾಗುತ್ತಿತ್ತು.

ಕಿಸೆಯಿಂದ ಸರಿಯಾದ ಬೋಲ್ಟು ತೆಗೆದು, ಒಳಗಿನ ಥ್ರೆಡ್ಡು ಉಳಿದಿದೆಯೇ ಎಂದು ಬೆರಳಿನಿಂದಲೇ ತಿರುಗಿಸಿ ನೋಡಿದ. ಸಾದಾ ಕಬ್ಬಿಣ ತಾನೇ ಸವೆದು ತೂತನ್ನು ಉಳಿಸಿತ್ತು. ಎರಡೂ ಬೋಲ್ಟುಗಳು ಕೊನೆಯ ತನಕ ಸಲೀಸಾಗಿ ಇಳಿದವು. ಧರ್ಮಣ್ಣ ಪಾನಾ ಚಾಚಿದ. ಹದಿಮೂರು ಆ ತಲೆಯ ಮೇಲೆ ಅಲುಗದೆ ಕೂತಿತು. ಬಿಗಿಯುವಾಗ ಅಂಗೈಗೆ ಕುಂಕುಮ ಹತ್ತಿತು, ಬೆವರಿಗೆ ಕರಗಿ ಮಣಿಕಟ್ಟಿನವರೆಗೆ ಇಳಿಯಿತು.

ಆಮೇಲೆ ಮನೀಶನಿಗೆ ಫೋನು ಮಾಡಿದ.

"ಸಿಕ್ತಾ?" ಮನೀಶ ಕೇಳಿದ.

"ಗಾಡಿ ಸಿಕ್ತು ಸೇಠ್. ಎಲ್ಲಾರೂ ಸಲಾಮತ್. ನಿಮ್ಮ ಬೋಲ್ಟು ಒಂದು ಹೋಯ್ತು, ಇನ್ನೊಂದು ಕೆಟ್ಟೈತಿ. ದೂಜನ ಅಂಗಡಿ ಇಲ್ಲೇ ಎರಡು ಗಲ್ಲಿ ಆಚೆ, ಆದ್ರ ಇವತ್ತ ಅವನ ಲೇಥಿಗೂ ಪೂಜಾ. ನಿಮ್ಮ ಡ್ಯಾಡಿಗೆ ನಾ ಬಂದು ಹೇಳತೀನಿ."

"ಬೇಡ, ನಾನು ಹೇಳ್ತೇನೆ," ಎಂದ ಮನೀಶ. "ಹಾರ ಗಾಡಿಗೆ ಹಾಕಿಬಿಟ್ಟಿದ್ದೇನೆ, ಭಾಯ್. ಗಾಜಿಲ್ಲದೆಯೂ ಚೆನ್ನಾಗಿ ಕಾಣ್ತದೆ. ಡ್ಯಾಡಿಯನ್ನು ಇಲ್ಲಿಗೇ ಕರ್ಕೊಂಡು ಬರ್ತೇನೆ, ಸುಮ್ನೆ ಒಳಗೆ ಕೂತ್ಕೊಳ್ಲಿ."

ಈಶ್ವರ ಚಾವಿಯನ್ನು ಶಬ್ಬೀರನ ಎದುರು ಹಿಡಿದ.

"ಅವ್ವ ಹೊರಗ ಬರೂ ತನಕ ಇಲ್ಲೇ ಇರು. ಮನೀ ತನಕ ನೀನ ಹೊಡಿ. ಆಕಿ ಹಿಂದ ಕೂಡತಾಳ, ನಾ ನಿನ್ನ ಬಾಜೂಕ."

ಇದು ಕೇಳಿಕೆಯಲ್ಲ. ಶಬ್ಬೀರ ಚಾವಿ ತಗೊಂಡ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹಾಲವ್ವ ಹೊರಗೆ ಬಂದಳು. ತೋಳಿಗೆ ಬ್ಯಾಂಡೇಜು, ಮುಖ ಬಿಳುಚಿಕೊಂಡಿತ್ತು. ಏನಾಯಿತೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳೂ ಕೇಳಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಸೆರಗಿನ ಗಂಟು ಬಿಚ್ಚಿದಳು. ಮುಂಜಾನೆ ಓಣಿಯ ದೇವಿಯ ಮುಂದಿಟ್ಟು ತಂದ ಎಲೆಗಳಿದ್ದವು, ಬಾಡಿದ್ದವು. ಕಿಟಕಿಯಾಚೆ ಸ್ಕೂಟರು ಹಿಡಿದು ನಿಂತಿದ್ದ ಧರ್ಮಣ್ಣನಿಗೆ ಒಂದು ಕೊಟ್ಟಳು. "ಬನ್ನಿ ತಗೊಂಡು ಬಂಗಾರದಂಗ ಇರೂಣಪ್ಪಾ." ಮಗನ ಕೈಗೆ ಎರಡು ಕೊಟ್ಟಳು. "ಒಂದು ನಿಂದು. ಒಂದು ಶಬ್ಬೀರಗ ಕೊಡು."

ಈಶ್ವರ ತನ್ನದನ್ನು ಕಣ್ಣಿಗೊತ್ತಿಕೊಂಡ. ಇನ್ನೊಂದನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟ.

"ಮನಿ ಮುಟ್ಟಲಿ," ಎಂದ.

ಶಬ್ಬೀರ ಹೊರಟ. ಹಿಂದಿನ ಕನ್ನಡಿಯಲ್ಲಿ ಧರ್ಮಣ್ಣನ ಸ್ಕೂಟರು ಬರುತ್ತಿತ್ತು. ಪ್ರತಿ ಸಿಗ್ನಲ್ಲಿಗೆ ಶಬ್ಬೀರ ಬ್ರೇಕನ್ನು ಹಸಿ ಮಣ್ಣಿನ ಮೇಲೆ ಕಾಲಿಡುವ ಹಾಗೆ ಒತ್ತಿದ, ಕಿವಿಯನ್ನು ಎಡಗಾಲಿಗೆ ಕೊಟ್ಟು. ಪ್ರತಿ ಸಲವೂ ಎಲೆ ಬೆರಳಷ್ಟು ಮುಂದೆ ಜಾರಿ ನಿಲ್ಲುತ್ತಿತ್ತು. ಈಶ್ವರ ರಸ್ತೆ ನೋಡುತ್ತಿರಲಿಲ್ಲ, ಎಲೆಯನ್ನೇ ನೋಡುತ್ತಿದ್ದ. ಕಲಾನಗರದಲ್ಲಿ ತೆಂಗಿನ ಚಿಪ್ಪು ಇನ್ನೂ ರಸ್ತೆಯ ಮೇಲಿತ್ತು. ಅಂಧೇರಿಯ ಫ್ಲೈಓವರ್ ಇಳಿಯುವಾಗ ಒಂದು ರಿಕ್ಷಾ ಅಡ್ಡ ನುಗ್ಗಿತು. ಶಬ್ಬೀರ ಯೋಚಿಸುವ ಮೊದಲೇ ಪಾದ ಪೂರ್ತಿ ಒತ್ತಿತ್ತು. ಕಾರು ನೆಟ್ಟಗೆ, ಮೂತಿ ಎಳೆಯದೆ, ಸದ್ದಿಲ್ಲದೆ ನಿಂತಿತು. ಎಲೆ ಗಾಜಿನ ಅಂಚಿಗೆ ಹೋಗಿ ತಾಗಿತು. ಹಿಂದೆ ಹಾಲವ್ವ ನಿದ್ದೆಯಲ್ಲಿ ಏನೋ ಗೊಣಗಿ ಮಗ್ಗುಲಾದಳು.

ಮರೋಳದ ಗಲ್ಲಿಯ ಬಾಯಲ್ಲಿ ನಿಲ್ಲಿಸಿ ಚಾವಿ ತೆಗೆದು ಕೊಟ್ಟ. ಈಶ್ವರ ಮೊದಲು ಅವ್ವನನ್ನು ಇಳಿಸಿದ, ಬಾಗಿಲ ತನಕ ಬಿಟ್ಟು ಬಂದ. ಶಬ್ಬೀರ ಕಾರಿನ ಹತ್ತಿರವೇ ನಿಂತಿದ್ದ, ಧರ್ಮಣ್ಣ ಸ್ವಲ್ಪ ದೂರದಲ್ಲಿ. ಈಶ್ವರ ಕಿಟಕಿಯಿಂದ ಕೈಹಾಕಿ, ಗಾಜಿನ ಬುಡದಲ್ಲಿ ಸಿಕ್ಕಿಕೊಂಡಿದ್ದ ಎಲೆಯನ್ನು ಬಿಡಿಸಿ ಶಬ್ಬೀರನ ಅಂಗೈಯಲ್ಲಿಟ್ಟ. ಬಂಗಾರದ ಮಾತು ಆಡಲಿಲ್ಲ.

"ನಾಳಿ ಬರತೀನಿ," ಎಂದ. "ನಾಲ್ಕೂ ಗಾಲಿ ಬಿಚ್ಚು. ನಾ ನಿಂತು ನೋಡತೀನಿ."

"ಬಾ," ಎಂದ ಶಬ್ಬೀರ.

ಎಲೆಯನ್ನು ಕಿಸೆಗೆ ಹಾಕಿಕೊಂಡ. ಅಲ್ಲಿ ಸವೆದ ಬೋಲ್ಟಿತ್ತು, ದೂಜನಿಗೆ ತೋರಿಸಬೇಕಾದದ್ದು.